ಕಾರಿಂದ ಇಳೀರಿ ಸ್ವಾಮಿ, ಬಸ್ಸು ಹತ್ತಿ



ಉದ್ದದ ಪೋಸ್ಟು. ಆಫೀಸಿಂದ ಮನೆಗೆ ಹೋಗ್ತಾ ಬಸ್ಸಲ್ಲಿ ನಿಂತ್ಕೊಂಡು ಓದೋರಿಗೆ ಟೈಮು ಸಿಗುತ್ತೆ. ಕಾರಲ್ಲಿ ಹೋಗೋರು ಓದಲಿ ಅಂತಲೇ ಬರೀತಿದ್ದೀನಿ, ಆದ್ರೆ ಅವರು ಓದಲ್ಲ ಅಂತಾನೂ ಗೊತ್ತು.

"ಮಂತ್ರಿಗಳು, ಶಾಸಕರು, ಐಎಎಸ್ ಅಧಿಕಾರಿಗಳು ಬಸ್ಸಲ್ಲಿ, ಮೆಟ್ರೋದಲ್ಲಿ ಓಡಾಡಬೇಕಾ ಬೇಡವಾ?" ಈ ಪ್ರಶ್ನೆ ಎತ್ತಿದಾಗೆಲ್ಲ ಎರಡು ಥರದ ನಗು ಕೇಳಿಸುತ್ತೆ. ಮೊದಲನೇದು ಮೇಲಿನವರ ನಗು: "ಅಯ್ಯೋ, ಆಗೋ ಹೋಗೋ ಮಾತೇನ್ರೀ?" ಎರಡನೇದು ನಮ್ಮವರದ್ದೇ: "ಏನಣ್ಣ, ನಮ್ಮವನೊಬ್ಬ ಈಗ ತಾನೆ ಗೂಟದ ಕಾರು ಹತ್ತಿದಾನೆ, ಅಷ್ಟರಲ್ಲೇ ಇಳಿಸೋಕೆ ನಿಂತ್ಯಾ?" ಮೊದಲನೇ ನಗುವಿಗೆ ಉತ್ತರ ಕೊಡೋದು ಸುಲಭ. ಎರಡನೇದು ಕಷ್ಟ, ಯಾಕಂದ್ರೆ ಅದರಲ್ಲಿ ಸತ್ಯ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನನ್ನ ನಿಲುವನ್ನ ಮೊದಲೇ ಹೇಳಿಬಿಡ್ತೀನಿ. ಹೌದು, ಅವರು ಸಾರ್ವಜನಿಕ ಸಾರಿಗೆ ಬಳಸಲೇಬೇಕು. ಮನಸ್ಸಿದ್ದರೆ ಬಳಸಲಿ ಅಂತಲ್ಲ, ನಿಯಮ ಮಾಡಿ ಬಳಸಬೇಕು. ಆದ್ರೆ ನಾನು ಕೇಳ್ತಿರೋದು ಸರಳತೆಯನ್ನಲ್ಲ. ಸರಳತೆ ಅನ್ನೋ ಪದ ಕೇಳಿದ್ರೇ ನನಗೆ ಮೈ ಉರಿಯುತ್ತೆ.

ಈ ದೇಶದಲ್ಲಿ ಸರಳತೆಯ ಪಾಠ ಯಾವಾಗಲೂ ಹೊಟ್ಟೆ ತುಂಬಿದವರಿಂದ ಹಸಿದವರಿಗೆ. ಗಾಂಧೀಜಿ ಮೂರನೇ ದರ್ಜೆ ರೈಲಲ್ಲಿ ಓಡಾಡಿದ್ರು, 1917ರಲ್ಲಿ ಅದರ ಅವಸ್ಥೆ ಬಗ್ಗೆ ಲೇಖನವನ್ನೂ ಬರೆದ್ರು. ಒಪ್ಪೋಣ. ಆದ್ರೆ ಅವರನ್ನ ಬಡತನದಲ್ಲಿ ಇಡೋಕೆ ಎಷ್ಟೊಂದು ಖರ್ಚಾಗುತ್ತೆ ಅಂತ ಸರೋಜಿನಿ ನಾಯ್ಡು ಅವರೇ ತಮಾಷೆ ಮಾಡ್ತಿದ್ರಂತೆ. ಇಳಿಯೋಕೆ ಮೆಟ್ಟಿಲು ಇರೋನಿಗೆ ಇಳಿಯೋದು ತ್ಯಾಗ. ಕೆಳಗೇ ಹುಟ್ಟಿದೋನಿಗೆ ಅದೇ ದಿನನಿತ್ಯದ ಬದುಕು, ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ.

ಬಾಬಾಸಾಹೇಬರ ಪ್ರಯಾಣದ ಕತೆ ನೋಡಿ. 1901ರಲ್ಲಿ, ಚಿಕ್ಕ ಹುಡುಗ, ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಅಂತ ರೈಲಲ್ಲಿ ಮಸೂರ್ ನಿಲ್ದಾಣಕ್ಕೆ ಬಂದಿಳಿದ್ರು. ಒಳ್ಳೆ ಬಟ್ಟೆ ಹಾಕಿದ್ರು, ಕೈಯಲ್ಲಿ ದುಡ್ಡಿತ್ತು. ಮಹಾರ್ ಅಂತ ಗೊತ್ತಾದ ತಕ್ಷಣ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ಈ ಹುಡುಗರೇ ಹೊಡ್ಕೊಂಡು ಹೋಗಬೇಕಾಯ್ತು. ಇಪ್ಪತ್ತೆಂಟು ವರ್ಷ ಆದ್ಮೇಲೆ, 1929ರಲ್ಲಿ ಚಾಳೀಸ್‌ಗಾಂವ್. ಈಗ ಅವರು ಬ್ಯಾರಿಸ್ಟರ್. ಅಸ್ಪೃಶ್ಯರ ಮೇಲಿನ ದೌರ್ಜನ್ಯ ವಿಚಾರಿಸೋಕೆ ಮುಂಬೈ ಸರ್ಕಾರವೇ ನೇಮಿಸಿದ ಸಮಿತಿಯ ಸದಸ್ಯರು. ಆದ್ರೂ ಟಾಂಗಾದವನು ಅವರಿಗೆ ಗಾಡಿ ಓಡಿಸಲ್ಲ ಅಂದ. ಟಾಂಗಾ ಹೊಡೆದು ಅಭ್ಯಾಸ ಇಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆ ಹತ್ತಿರ ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡ್ರು.

ಕೈಯಲ್ಲಿ ದುಡ್ಡಿತ್ತು, ಡಿಗ್ರಿ ಇತ್ತು, ಸರ್ಕಾರದ ಹುದ್ದೆ ಇತ್ತು. ಗಾಡಿ ಮಾತ್ರ ಸಿಗಲಿಲ್ಲ. ಕೇರಳದ ಅಯ್ಯನ್‌ಕಾಳಿ 1893ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು, ನಮ್ಮವರಿಗೆ ನಿಷೇಧ ಇದ್ದ ದಾರೀಲಿ ಓಡಿಸಿದ್ದು ಶೋಕಿಗಲ್ಲ. ಇವತ್ತಿಗೂ ದಲಿತ ಹುಡುಗ ಮೇಲ್ಜಾತಿಯವರ ಮನೆ ಮುಂದೆ ಬೈಕ್ ಓಡಿಸಿದ ಅಂತ ಹೊಡೆಯೋ ಊರುಗಳಿವೆ, ಮದುವೆ ಗಂಡು ಕುದುರೆ ಹತ್ತಿದ್ದಕ್ಕೆ ಕಲ್ಲು ತೂರೋ ಊರುಗಳಿವೆ. ಹೀಗಿರುವಾಗ ನಮ್ಮ ಕೇರಿಯ ಹುಡುಗ ತಹಶೀಲ್ದಾರ್ ಆಗಿ, ಬೋರ್ಡ್ ಹಾಕಿದ ಜೀಪಲ್ಲಿ ಅದೇ ಊರ ನಡುಬೀದೀಲಿ ಬಂದಾಗ ಅವನ ಅವ್ವ ಅಳ್ತಾಳೆ. ಆ ಕಣ್ಣೀರಿನ ಬೆಲೆ ನನಗೆ ಗೊತ್ತು. ಅದನ್ನ ಅಹಂಕಾರ ಅಂತ ಕರೆಯೋ ಸರಳತೆಯ ವ್ಯಾಪಾರಿಗಳಿಗೆ ನನ್ನ ಧಿಕ್ಕಾರ ಇರಲಿ.

ಹಾಗಾದ್ರೆ ನಾನ್ಯಾಕೆ ಬಸ್ಸು ಹತ್ತಿ ಅಂತಿದೀನಿ?

ಯಾಕಂದ್ರೆ ಆ ಜೀಪಿನ ಹಿಂದೆ ಅವ್ವ ಇನ್ನೂ ಬಸ್ಸಿಗೆ ಕಾಯ್ತಾ ನಿಂತಿದಾಳೆ. ಅದಕ್ಕೆ.

ನಮ್ಮಪ್ಪ ಹೇಳ್ತಿದ್ರು. ನಮ್ಮ ಕಡೆಗೆ ಬಸ್ಸು ಬಂದ ಹೊಸದರಲ್ಲಿ ಸೀಟು ಖಾಲಿ ಇದ್ರೂ, ಊರಿನ ದೊಡ್ಡವರು ಹತ್ತಿದ್ರೆ ಕೇರಿಯವರು ಎದ್ದು ಹಿಂದಕ್ಕೆ ಹೋಗ್ತಿದ್ರಂತೆ. ಯಾರೂ ಎದ್ದೇಳು ಅಂತ ಬಾಯಿಬಿಟ್ಟು ಹೇಳ್ತಿರಲಿಲ್ಲ, ಬರೀ ನೋಡ್ತಿದ್ರು. ಅಮೇರಿಕಾದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಟ್ಟು ಏಳಲ್ಲ ಅಂದ್ರು, ಅಲ್ಲಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದೇ ಹೋದ್ರು. ಅದೇ 1955ರಲ್ಲಿ ನಮ್ಮಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಸಾರ್ವಜನಿಕ ವಾಹನ ಹತ್ತೋಕೆ ಅಡ್ಡಿ ಮಾಡೋದು ಅಪರಾಧ ಅಂತ ಅದರಲ್ಲಿ ಬರೀಬೇಕಾಯ್ತು. ಅಡ್ಡಿ ಮಾಡ್ತಿದ್ರು, ಅದಕ್ಕೇ ಬರೆದದ್ದು.

ಆಮೇಲೆ ನಿಧಾನಕ್ಕೆ ಒಂದು ಬದಲಾವಣೆ ಆಯ್ತು. ಸರ್ಕಾರಿ ಬಸ್ಸಿನ ಕಂಡಕ್ಟರ್ "ಯಾವ ಊರು?" ಅಂತ ಕೇಳ್ತಾನೆ, "ಯಾವ ಜನ?" ಅಂತ ಕೇಳಲ್ಲ. ಟಿಕೆಟ್ ತಗೊಂಡೋನಿಗೆ ಸೀಟು. ದೇವಸ್ಥಾನದೊಳಗೆ ಬಿಡದ ಊರು, ಹೋಟೆಲ್ಲಲ್ಲಿ ಬೇರೆ ಲೋಟ ಇಟ್ಟ ಊರು, ಬಸ್ಸೊಳಗೆ ನಮ್ಮ ಭುಜಕ್ಕೆ ಭುಜ ತಾಗಿಸಿಕೊಂಡು ಕೂರಬೇಕಾಯ್ತು. ನನ್ನ ಮಟ್ಟಿಗೆ ಕೆಂಪು ಬಸ್ಸು ಸಂವಿಧಾನದ ಅತ್ಯಂತ ಸರಳ ಅನುವಾದ. ಆರ್ಟಿಕಲ್ 15 ಓದೋಕೆ ಬಾರದ ನಮ್ಮಜ್ಜಿಗೂ ಬಸ್ಸಲ್ಲಿ ಅದು ಅರ್ಥ ಆಯ್ತು.

ಅವಾಗ ಏನಾಯ್ತು ಅಂತ ಗಮನಿಸಿ. ನಾವು ಹತ್ತಿದ್ವಿ, ಅವರು ಇಳಿದ್ರು.

ಸರ್ಕಾರಿ ಶಾಲೆಗೆ ನಾವು ಬಂದ್ವಿ, ಅವರ ಮಕ್ಕಳು ಕಾನ್ವೆಂಟಿಗೆ ಹೋದ್ರು. ಸರ್ಕಾರಿ ಆಸ್ಪತ್ರೆಗೆ ನಾವು ಬಂದ್ವಿ, ಅವರು ನರ್ಸಿಂಗ್ ಹೋಮಿಗೆ ಹೋದ್ರು. ಸರ್ಕಾರಿ ಬಸ್ಸಿಗೆ ನಾವು ಬಂದ್ವಿ, ಅವರು ಕಾರು ತಗೊಂಡ್ರು. ಎಲ್ಲರೂ ಜಾತಿ ನೋಡಿಯೇ ಹೋದ್ರು ಅಂತ ಹೇಳ್ತಿಲ್ಲ, ದುಡ್ಡೂ ಕಾರಣ. ಆದ್ರೆ ಫಲಿತಾಂಶ ಒಂದೇ. ಯಾವ ಜಾಗದಲ್ಲಿ ಬರೀ ನಾವೇ ಉಳಿದ್ವೋ ಆ ಜಾಗದ ಬಗ್ಗೆ ತೀರ್ಮಾನ ತಗೊಳ್ಳೋರೆಲ್ಲ ಅಲ್ಲಿಂದ ಎದ್ದು ಹೋಗಿದ್ರು. ಊಟ ಮಾಡದೋನ ಕೈಗೆ ಅಡುಗೆಮನೆ ಕೊಟ್ಟಂಗಾಯ್ತು. ಉಪ್ಪು ಹೆಚ್ಚಾಯ್ತೋ ಕಮ್ಮಿಯಾಯ್ತೋ ಅವನಿಗೇನು ಗೊತ್ತು?

ಈ ಪೋಸ್ಟಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಅಧಿಕಾರ ಇರೋರು ಬಿಟ್ಟು ಹೋದ ಸೇವೆ ಕೊಳೆಯುತ್ತೆ, ಮತ್ತೆ ಕೊಳೆತದ್ದಕ್ಕೆ ನಮ್ಮನ್ನೇ ದೂರುತ್ತೆ.

ಕಾರೊಳಗೆ ಕೂತೋರಿಗೆ ಗೊತ್ತಿಲ್ಲದ್ದು ಏನು? ಕೆಲವು ಹೇಳ್ತೀನಿ.

ಬೆಳಗಿನ ಜಾವ ರಸ್ತೆ ಗುಡಿಸೋಕೆ ಹೋಗೋ ಪೌರಕಾರ್ಮಿಕ ಹೆಣ್ಣುಮಗಳಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಅನ್ನೋದು ಹಾಜರಾತಿಯ ಪ್ರಶ್ನೆ. ಗಾರ್ಮೆಂಟ್ ಫ್ಯಾಕ್ಟರಿ ಹುಡುಗಿಗೆ ಸಂಜೆ ಬಸ್ಸು ತಪ್ಪಿದ್ರೆ ಕತ್ತಲಲ್ಲಿ ಮೇನ್ ರೋಡಿಂದ ಮನೆಗೆ ಒಂದೂವರೆ ಕಿಲೋಮೀಟರ್ ನಡೆಯೋ ಪ್ರಶ್ನೆ. ತಾಲ್ಲೂಕು ಬಸ್ ಸ್ಟಾಂಡಿನ ಶೌಚಾಲಯಕ್ಕೆ ಬೀಗ ಹಾಕಿದ್ರೆ, ದೂರದ ಊರಿಂದ ಬಂದ ಹೆಂಗಸು ಬೆಳಗಿಂದ ನೀರೇ ಕುಡಿಯಲ್ಲ. ಹಳ್ಳೀಲಿ ಸ್ಟಾಪು ಎಲ್ಲಿರುತ್ತೆ ನೋಡಿ: ಊರ ಬಾಗಿಲಲ್ಲಿ, ಅರಳಿಕಟ್ಟೆ ಹತ್ರ. ಕೇರಿ ಇರೋದು ಆ ಕೊನೇಲಿ. ಬಸರಿ ಹೆಂಗಸು, ಮಂಡಿನೋವಿನ ಮುದುಕ, ಚೀಲ ಹೊತ್ತ ಮಕ್ಕಳು, ಎಲ್ಲರೂ ಊರು ದಾಟಿಕೊಂಡೇ ಬಸ್ಸಿಗೆ ಬರಬೇಕು. ಬಸ್ಸು ಇನ್ನೂರು ಮೀಟರ್ ಮುಂದೆ ಹೋಗಿ ತಿರುಗಿಸಿಕೊಂಡು ಬಂದ್ರೆ ಡೀಸೆಲ್ ಎಷ್ಟು ಖರ್ಚಾಗುತ್ತೆ? ಅರ್ಜಿ ಬರೆದು ಬರೆದು ನನ್ನ ಪೆನ್ನು ಸವೆದಿದೆ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತನನ್ನ ತಡೆದು ನಿಲ್ಲಿಸಿದ್ರು. ಕೈಯಲ್ಲಿ ಟಿಕೆಟ್ ಇತ್ತು, ತಲೆ ಮೇಲೆ ಮೂಟೆ ಇತ್ತು. ಪಕ್ಕದಲ್ಲಿದ್ದ ಪ್ರಯಾಣಿಕರು ವಿಡಿಯೋ ಮಾಡಿ ಜಗಳ ಆಡಿದ್ದಕ್ಕೆ ಸುದ್ದಿಯಾಯ್ತು, ಸಿಬ್ಬಂದಿಯನ್ನ ಕೆಲಸದಿಂದ ತೆಗೆದ್ರು. ಅವತ್ತು ಆ ಸಾಲಲ್ಲಿ ಒಬ್ಬ ಕಾರ್ಯದರ್ಶಿಯೋ ಶಾಸಕರೋ ಬ್ಯಾಗ್ ಹಿಡಿದು ನಿಂತಿರ್ತಾರೆ ಅನ್ನೋ ಭಯ ಇದ್ದಿದ್ರೆ ಆ ಸಿಬ್ಬಂದಿ ಹಾಗೆ ಮಾಡ್ತಿದ್ರಾ? ವಿಡಿಯೋ ಆಗದ ಎಷ್ಟು ಅವಮಾನಗಳು ಸುಮ್ಮನೆ ಮನೆಗೆ ಹೋಗಿವೆ?

ನಾನು ಗುಮಾಸ್ತ. ಫೈಲು, ಬಿಲ್ಲು, ವೋಚರ್ರು ನೋಡಿಕೊಂಡೇ ತಲೆಕೂದಲು ಬೆಳ್ಳಗಾಗ್ತಿರೋನು. ಕಾರಿಗೆ ಒಂದು ಲಾಗ್ ಬುಕ್ ಅಂತ ಇರುತ್ತೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ಕೆಲಸಕ್ಕೆ. ನಾನು ಕೆಲಸ ಮಾಡಿದ ಒಂದು ಕಚೇರೀಲಿ "ಕಚೇರಿ ಕೆಲಸದ ನಿಮಿತ್ತ" ಅನ್ನೋ ಮೂರು ಪದ ವರ್ಷಪೂರ್ತಿ ಒಂದೇ ಕೈಬರಹದಲ್ಲಿ ಇರೋದು. ಆ ನಿಮಿತ್ತದಲ್ಲಿ ಮಗುವಿನ ಶಾಲೆ ಇತ್ತು, ಮೇಡಂ ಅವರ ತರಕಾರಿ ಇತ್ತು, ಭಾನುವಾರದ ಮದುವೆಮನೆ ಇತ್ತು. ಅದೇ ಕಚೇರೀಲಿ ಬಸ್ಸು ತಡವಾಗಿ ಮೂರು ದಿನ ಹತ್ತು ನಿಮಿಷ ಲೇಟಾದ ಗುಮಾಸ್ತನಿಗೆ ಒಂದು ಸಿ.ಎಲ್. ಕಟ್. ಬಸ್ಸಿನ ತಪ್ಪಿಗೆ ಬಸ್ಸಲ್ಲಿ ಬಂದೋನಿಗೆ ದಂಡ. ಬಸ್ಸನ್ನ ಸರಿಮಾಡಬೇಕಾದೋರಿಗೆ ಕಾರು!

ಇನ್ನು ಮೀಸಲಾತಿ ವಿಷಯಕ್ಕೆ ಬರ್ತೀನಿ. ನಮಗೆ ಮೀಸಲಾತಿ ಅಂದ್ರೆ ಹೊಟ್ಟೆ ಉರ್ಕೊಳ್ಳೋ ಎಷ್ಟೋ ಜನರಿಗೆ, ರಸ್ತೆಯ ಅತಿದೊಡ್ಡ ಮೀಸಲಾತಿ ಕಣ್ಣಿಗೆ ಬೀಳಲ್ಲ. ಒಬ್ಬ ಮನುಷ್ಯನಿಗೆ ಒಂದು ಕಾರು, ಒಬ್ಬ ಡ್ರೈವರ್, ಜನರ ದುಡ್ಡಿನ ಡೀಸೆಲ್, ಕೆಲವರಿಗೆ ಮುಂದೊಂದು ಹಿಂದೊಂದು ಗಾಡಿ, ಸಿಗ್ನಲ್ಲಲ್ಲಿ ಹಸಿರು. ಅಂಕ ಪಟ್ಟಿ ಕೇಳಲ್ಲ, ಕೆನೆಪದರ ಕೇಳಲ್ಲ. ಮೆರಿಟ್ ಬಗ್ಗೆ ಚರ್ಚೆ ಇಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಶಾಸಕರಿಗೆ ಅಂತ ಸೀಟಿನ ಮೇಲೆ ಬರೆದಿರ್ತಾರೆ. ಬೆಳಗಾವಿ, ವಿಜಯಪುರದ ಕಡೆಯವರು ನೋಡಿರ್ತೀರಿ. ಬ್ಯಾಕ್‌ಲಾಗ್ ಹುದ್ದೆ ಅಂದ್ರೆ ಇದೇ ಕಣ್ರೀ. ಮೀಸಲಿಟ್ಟು ಎಷ್ಟೋ ವರ್ಷ ಆಯ್ತು, ಅಭ್ಯರ್ಥಿಯೇ ಬರ್ತಿಲ್ಲ!

ಈಗ ವಿರೋಧದ ವಾದಗಳು. ಒಂದೊಂದಾಗಿ ನೋಡೋಣ.

"ಭದ್ರತೆ ಸಮಸ್ಯೆ ಆಗುತ್ತೆ." ಇದು ಸುಳ್ಳು ವಾದ ಅಲ್ಲ. ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ 1986ರಲ್ಲಿ ಅಂಗರಕ್ಷಕರಿಲ್ಲದೆ ಸಿನಿಮಾ ನೋಡಿ ನಡೆದು ಹೋಗುವಾಗ ಕೊಲೆಯಾದ್ರು. ಅಷ್ಟಾದ್ರೂ ಅಲ್ಲಿನ ಸಾಮಾನ್ಯ ಸಂಸದರಿಗೆ ಸರ್ಕಾರಿ ಕಾರು ಕೊಡಲ್ಲ, ರೈಲು ಬಸ್ಸಿನ ಪಾಸು ಕೊಡ್ತಾರೆ. ಯಾರಿಗೆ ನಿಜವಾದ ಬೆದರಿಕೆ ಇದೆಯೋ ಅವರಿಗೆ ವಿನಾಯಿತಿ ಇರಲಿ. ಮುಖ್ಯಮಂತ್ರಿಗೆ ಇರಲಿ. ಆದ್ರೆ ತೋಟಗಾರಿಕೆ ಇಲಾಖೆಯ ಉಪನಿರ್ದೇಶಕರಿಗೆ ಯಾವ ಉಗ್ರರ ಬೆದರಿಕೆ ಸ್ವಾಮಿ? ಮತ್ತೆ ಇನ್ನೊಂದು ಮಾತು. ಬಸ್ಸು ಅಷ್ಟು ಅಸುರಕ್ಷಿತ ಅಂತಾದ್ರೆ ನಮ್ಮ ಹೆಣ್ಣುಮಕ್ಕಳನ್ನ ದಿನಾ ಅದರಲ್ಲೇ ಯಾಕೆ ಕಳಿಸ್ತಿದೀರಿ?

"ಅವರ ಸಮಯಕ್ಕೆ ಬೆಲೆ ಇದೆ." ನಮ್ಮದಕ್ಕೆ ಇಲ್ವಾ? ಐದು ನಿಮಿಷ ತಡವಾಗಿ ಗೇಟು ಮುಚ್ಚಿಸಿಕೊಂಡ ದಿನಗೂಲಿಯವಳ ಅರ್ಧ ದಿನದ ಸಂಬಳ ಯಾರು ಕೊಡ್ತಾರೆ? ಸಮಯಕ್ಕೆ ಬೆಲೆ ಇದೆ ಅಂತಾದ್ರೆ ಬಸ್ಸು ಬೇಗ ಹೋಗೋ ಹಾಗೆ ಮಾಡಿ. 2019ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್.ಪುರದ ಕಡೆಗೆ ಹೊರವರ್ತುಲ ರಸ್ತೇಲಿ ಬಸ್ಸಿಗೇ ಅಂತ ಪ್ರತ್ಯೇಕ ಪಥ ಮಾಡಿದ್ರು. ಬಸ್ಸು ಬೇಗ ಹೋಗ್ತಿತ್ತು. ಆಮೇಲೆ ಕೊರೋನಾ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಮಾಯವಾಯ್ತು. ಅದರಲ್ಲಿ ದಿನಾ ಹತ್ತು ಜನ ಐಎಎಸ್‌ನವರು ಓಡಾಡ್ತಿದ್ದಿದ್ರೆ ಅಷ್ಟು ಸುಲಭಕ್ಕೆ ಮಾಯವಾಗ್ತಿತ್ತಾ?

"ಬಸ್ಸಲ್ಲಿ ಫೈಲ್ ನೋಡೋಕಾಗಲ್ಲ." ಕಾರಲ್ಲಿ ಫೈಲ್ ನೋಡಿದ್ದನ್ನ ನಾನು ನೋಡಿಲ್ಲ, ಫೋನ್ ನೋಡಿದ್ದು ನೋಡಿದೀನಿ. ಫೋನು ಬಸ್ಸಲ್ಲೂ ನೋಡಬಹುದು. ನಾವೆಲ್ಲ ನೋಡ್ತಿಲ್ವಾ?

"ಅವರು ಬಂದ್ರೆ ಜನರಿಗೇ ತೊಂದರೆ." ಮಂತ್ರಿ ಬರ್ತಾರೆ ಅಂತ ಬಸ್ಸು ತೊಳೆದು, ಇಪ್ಪತ್ತು ಜನ ಪೊಲೀಸರನ್ನ ಹತ್ತಿಸಿ, ಹತ್ತು ಕ್ಯಾಮೆರಾ ಕರ್ಕೊಂಡು ಬಂದ್ರೆ ಖಂಡಿತ ತೊಂದರೆ. ಅದು ಪ್ರಯಾಣ ಅಲ್ಲ, ಮೆರವಣಿಗೆ. ನಾನು ಕೇಳ್ತಿರೋದು ಪ್ರಯಾಣಿಕನಾಗಿ ಬನ್ನಿ ಅಂತ.

"ಇದೆಲ್ಲ ನಾಟಕ ಆಗುತ್ತೆ." ಈ ವಾದವನ್ನ ನಾನು ಗೌರವಿಸ್ತೀನಿ, ಯಾಕಂದ್ರೆ ನಾಟಕ ನೋಡಿದೀವಿ. 2010ರ ಫೆಬ್ರವರಿ 4ರಿಂದ ಬಿಎಂಟಿಸಿ ಪ್ರತಿ ತಿಂಗಳು 4ನೇ ತಾರೀಕು "ಬಸ್ ಡೇ" ಅಂತ ಶುರು ಮಾಡ್ತು. ದೊಡ್ಡವರು ಹತ್ತಿದ್ರು, ಇಳಿದ್ರು, ಫೋಟೋ ಬಂತು. ಉಳಿದ ಇಪ್ಪತ್ತೊಂಬತ್ತು ದಿನ ಬಸ್ ಡೇ ಯಾರದ್ದು? ನಮ್ಮದು! 2017ರ ಮೇ 1ರಿಂದ ಕೆಂಪು ಗೂಟ ತೆಗೆಸಿದ್ರು. ಗೂಟ ಹೋಯ್ತು, ಸೈರನ್ ಉಳೀತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮಗೆ ಝೀರೋ ಟ್ರಾಫಿಕ್ ಬೇಡ ಅಂತ ಪೊಲೀಸರಿಗೆ ಹೇಳಿದ್ರು. ಒಳ್ಳೇ ಕೆಲಸ, ನಾನು ಶೇರ್ ಮಾಡಿದ್ದೆ. ಆದ್ರೆ ಒಬ್ಬ ವ್ಯಕ್ತಿಯ ಒಳ್ಳೇತನ ಆ ವ್ಯಕ್ತಿಯ ಜೊತೆಗೇ ಮುಗಿಯುತ್ತೆ. ನಾಟಕ ಆಗಬಾರದು ಅಂದ್ರೆ ದಿನಾಂಕ ಅಲ್ಲ, ನಿಯಮ ಬೇಕು. ದಿನಾ ಆಡೋ ನಾಟಕಕ್ಕೆ ಬದುಕು ಅಂತ ಹೆಸರು.

ನಿಯಮ ಮಾಡಿದ್ರೂ ಜಾರಿಗೆ ಬರಲ್ಲ ಅಂತೀರಾ? ಆ ಅನುಭವವೂ ಇದೆ. 2015ರ ಆಗಸ್ಟಲ್ಲಿ ಅಲಹಾಬಾದ್ ಹೈಕೋರ್ಟ್ ಒಂದು ಆದೇಶ ಕೊಟ್ಟಿತ್ತು. ಸರ್ಕಾರದ ಸಂಬಳ ತಗೊಳ್ಳೋರು, ಜನಪ್ರತಿನಿಧಿಗಳು, ನ್ಯಾಯಾಂಗದವರು ಕೂಡ ತಮ್ಮ ಮಕ್ಕಳನ್ನ ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸೋ ಹಾಗೆ ವ್ಯವಸ್ಥೆ ಮಾಡಿ ಅಂತ. ಆ ಆದೇಶ ಕಾಗದದಲ್ಲೇ ಉಳೀತು. ಉಳಿದದ್ದು ಯಾಕೆ? ಜಾರಿ ಮಾಡಬೇಕಾದೋರ ಮಕ್ಕಳೇ ಹೋಗಬೇಕಿತ್ತಲ್ಲ! ಇದು ನನ್ನ ವಾದವನ್ನ ಸೋಲಿಸಲ್ಲ, ಗಟ್ಟಿ ಮಾಡುತ್ತೆ. ಔಷಧಿ ಕಹಿ ಅಂತ ರೋಗಿ ಉಗುಳಿದ್ರೆ ಔಷಧಿ ಸುಳ್ಳಾಗಲ್ಲ.

ಸೇವೆಯನ್ನ ಬಲ್ಲವರು ಅಧಿಕಾರಕ್ಕೆ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಸಣ್ಣ ಉದಾಹರಣೆ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಎರಡನೇ ದರ್ಜೆಯ ಮರದ ಹಲಗೆ ಬರ್ತುಗಳಿಗೆ ಫೋಮಿನ ಮೆತ್ತೆ ಹಾಕಿಸಿದ್ರು. ಬುಲೆಟ್ ಟ್ರೈನ್ ಬಿಡಲಿಲ್ಲ, ಬರೀ ಎರಡಿಂಚು ಮೆತ್ತೆ. ಕೋಟ್ಯಂತರ ಬಡವರ ಬೆನ್ನಿಗೆ ಆ ಎರಡಿಂಚು ಗೊತ್ತು. ಇಂಥ ತೀರ್ಮಾನ ಬರೋದು ಬೆನ್ನುನೋವು ಏನು ಅಂತ ಅರಿತ ತಲೆಯಿಂದ. ಪವರ್ ಪಾಯಿಂಟಿಂದ ಬರಲ್ಲ.

ಬೆನ್ನುನೋವು ಗೊತ್ತಿಲ್ಲದಿದ್ರೆ ಏನಾಗುತ್ತೆ? 2025ರ ಮೊದಲ ಮೂರು ತಿಂಗಳು ನೆನಪಿಸಿಕೊಳ್ಳಿ. ಜನವರಿ 5ಕ್ಕೆ ಬಸ್ ದರ ಶೇಕಡಾ 15 ಏರಿತು. ಫೆಬ್ರವರೀಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಹೋಯ್ತು. ರಾಜ್ಯದವರು ಕೇಂದ್ರದ ಕಡೆ ಕೈ ತೋರಿಸಿದ್ರು, ಕೇಂದ್ರದವರು ರಾಜ್ಯದ ಕಡೆ. ಮಾರ್ಚಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ ಆಯ್ತು. ಇದಕ್ಕೆ ಮಾತ್ರ ಯಾರೂ ಯಾರ ಕಡೆಗೂ ಕೈ ತೋರಿಸಲಿಲ್ಲ. ಜನವರಿ, ಫೆಬ್ರವರಿ, ಮಾರ್ಚ್. ಕ್ಯಾಲೆಂಡರೇ ಭಾಷಣ ಮಾಡ್ತಿದೆ, ನಾನೇನು ಹೇಳಲಿ?

ಇನ್ನು ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ ಸುಮಾರು 17 ಸಾವಿರ ಕೋಟಿ. ದ್ವಿಚಕ್ರ ವಾಹನಕ್ಕೆ, ಆಟೋಗೆ ಅಲ್ಲಿ ಜಾಗ ಇಲ್ಲ ಅನ್ನೋ ಯೋಜನೆ. ಇದರ ಚರ್ಚೆ ನಡೆಯುವಾಗ ಕಾರು ಇಲ್ಲದ ಹುಡುಗನಿಗೆ ಹೆಣ್ಣು ಕೊಡೋಕೆ ಹಿಂದುಮುಂದು ನೋಡ್ತಾರೆ ಅನ್ನೋ ಅರ್ಥದ ಮಾತು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಬಾಯಿಂದ ಬಂತು. ಸ್ವಾಮಿ, ನಮ್ಮಲ್ಲಿ ಹೆಣ್ಣು ಕೊಡೋ ಮೊದಲು ಕಾರು ಕೇಳೋಕೂ ಮುಂಚೆ ಜಾತಿ ಕೇಳ್ತಾರೆ. ಅದಕ್ಕೆ ಯಾವ ಸುರಂಗ ತೋಡ್ತೀರಿ? ನಿಮ್ಮ ಮಾತಿಂದ ಒಂದಂತೂ ಸ್ಪಷ್ಟ. ನಿಮ್ಮ ಕಣ್ಣಲ್ಲಿ ಪ್ರಜೆ ಅಂದ್ರೆ ಕಾರು ಇರೋನು. ಬಸ್ಸಲ್ಲಿ ಹೋಗೋನು ಇನ್ನೂ ಪ್ರಜೆ ಆಗಬೇಕಾದೋನು. ವಿರೋಧ ಪಕ್ಷದವರು ಚಪ್ಪಾಳೆ ಹೊಡೀಬೇಡಿ. ನಿಮ್ಮ ಸರ್ಕಾರ ಇದ್ದಾಗ ನೀವ್ಯಾವ ಬಸ್ಸಲ್ಲಿ ಬರ್ತಿದ್ರಿ?

ಶಕ್ತಿ ಯೋಜನೆ ಬಗ್ಗೆ ಒಂದು ಮಾತು, ಯಾಕಂದ್ರೆ ನನ್ನ ಮಾತನ್ನ ತಿರುಚೋರು ಇರ್ತಾರೆ. 2023ರ ಜೂನ್ 11ರಂದು ಶುರುವಾದ ಶಕ್ತಿಯ ಪರವಾಗಿ ನಾನು ಮೊದಲ ದಿನದಿಂದ ಇದೀನಿ. 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿತು. ನಮ್ಮ ಅಕ್ಕತಂಗಿಯರು ಆಸ್ಪತ್ರೆಗೆ, ಕೋರ್ಟಿಗೆ, ತವರಿಗೆ ಗಂಡನ ಹತ್ರ ಕೈ ಚಾಚದೆ ಹೋಗ್ತಿದಾರೆ. ಅವರ ಮೇಲೆ ಜೋಕು ಮಾಡಿದೋರ ಮುಖ ನನಗೆ ನೆನಪಿದೆ. ಆದ್ರೆ ಉಚಿತ ಟಿಕೆಟ್ ಕೊಟ್ಟು ಬಸ್ಸು ಸಾಕಷ್ಟು ಕೊಡದಿದ್ರೆ ಫುಟ್‌ಬೋರ್ಡಲ್ಲಿ ನೇತಾಡೋದು ಶಾಲೆ ಮಕ್ಕಳು, ಬೈಸಿಕೊಳ್ಳೋದು ಹೆಂಗಸರು ಮತ್ತು ಕಂಡಕ್ಟರ್. ತಮ್ಮ ವೇತನದ ಬಾಕಿ ಕೇಳಿ 2025ರ ಆಗಸ್ಟಲ್ಲಿ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿಯಬೇಕಾಯ್ತು. ಮೊದಲ ದಿನ ಟಿಕೆಟ್ ಹಂಚೋಕೆ ಬಸ್ಸು ಹತ್ತಿದವರು ಮಾಮೂಲಿ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಹತ್ತಿದ್ರೆ, ಯೋಜನೆಯ ಮಿಕ್ಕ ಅರ್ಧ ಏನು ಅಂತ ಅವರಿಗೇ ಗೊತ್ತಾಗ್ತಿತ್ತು.

"ನಮ್ಮಲ್ಲಿ ಅನುಕೂಲ ಇಲ್ಲ" ಅನ್ನೋ ನೆಪವೂ ಬೆಂಗಳೂರಿನ ಮಟ್ಟಿಗೆ ನಡೆಯಲ್ಲ. ವಿಧಾನಸೌಧದ ಬಾಗಿಲಲ್ಲೇ ಮೆಟ್ರೋ ನಿಲ್ದಾಣ ಇದೆ. ವಿಕಾಸಸೌಧ, ಬಹುಮಹಡಿ ಕಟ್ಟಡ, ಹೈಕೋರ್ಟ್, ಎಲ್ಲಾ ನಡೆಯೋ ದೂರ. ಶಾಸಕರ ಭವನವಂತೂ ಕೂಗಿದ್ರೆ ಕೇಳಿಸುತ್ತೆ. ಆ ನಿಲ್ದಾಣದ ಹೆಸರೇನು ಗೊತ್ತಲ್ಲ? ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ. ಮೇಲೆ ಬಾಬಾಸಾಹೇಬರ ಪ್ರತಿಮೆಗೆ ಏಪ್ರಿಲ್ 14ಕ್ಕೆ ಹಾರ ಹಾಕೋಕೆ ಕಾರಲ್ಲಿ ಸಾಲುಗಟ್ಟಿ ಬರ್ತಾರೆ. ಕೆಳಗೆ ಬಾಬಾಸಾಹೇಬರ ಹೆಸರಿನ ನಿಲ್ದಾಣದಲ್ಲಿ ಬೆವರು ಒರೆಸಿಕೊಳ್ತಾ ಹತ್ತಿ ಇಳಿಯೋರು ನಾವು. ಗಾಡಿ ಹತ್ತಿಸಿಕೊಳ್ಳದೆ ಕಾಲು ಮುರಿಸಿದ ದೇಶ, ಅವರ ಹೆಸರಿನ ನಿಲ್ದಾಣ ಕಟ್ಟಿದೆ. ಅಲ್ಲಿ ಇಳಿಯೋಕೆ ನಿಮಗೇನು ಕಷ್ಟ?

ಈಗ ನಮ್ಮವರಿಗೆ. ಮೀಸಲು ಕ್ಷೇತ್ರದಿಂದ ಗೆದ್ದ ಶಾಸಕ ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಅಧಿಕಾರಿ ಬಂಧುಗಳೇ. ನಿಮ್ಮ ಕಾರಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಂತ ದುಡ್ಡಲ್ಲಿ ಕೊಂಡ ಕಾರಲ್ಲಿ ಊರಬ್ಬಕ್ಕೆ ಬನ್ನಿ, ನಡುಬೀದೀಲೇ ನಿಲ್ಲಿಸಿ, ಹಾರನ್ ಜೋರಾಗೇ ಹೊಡೀರಿ. ನಾನೇ ಹಾರ ಹಾಕ್ತೀನಿ. ಆದ್ರೆ ಕಚೇರಿಗೆ ಹೋಗುವಾಗ, ಸದನಕ್ಕೆ ಹೋಗುವಾಗ ನೀವು ನಮ್ಮ ಪ್ರತಿನಿಧಿ. ಕರ್ನಾಟಕದ ಜನಸಂಖ್ಯೆಯಲ್ಲಿ ಶೇಕಡಾ 17ರಷ್ಟು ನಾವಿದೀವಿ ಅಂತ 2011ರ ಜನಗಣತಿ ಹೇಳುತ್ತೆ. ಬಸ್ಸೊಳಗೆ ಎಣಿಸಿದ್ರೆ ಅದಕ್ಕಿಂತ ಜಾಸ್ತಿ ಕಾಣ್ತೀವಿ ಅಂತ ನನ್ನ ಕಣ್ಣು ಹೇಳುತ್ತೆ. ನಿಯಮ ಬರಲಿ ಅಂತ ಮೊದಲು ದನಿ ಎತ್ತಬೇಕಾದೋರು ನೀವೇ. ಆದ್ರೆ ಷರತ್ತು ಒಂದೇ: ನಿಯಮ ಎಲ್ಲರಿಗೂ. ಗೌಡ್ರ ಮಗ ಕಾರಲ್ಲಿ, ಹೊಲೆಮಾದಿಗರ ಮಗ ಬಸ್ಸಲ್ಲಿ ಅನ್ನೋ ಸರಳತೆಗೆ ನಾವು ಒಪ್ಪಲ್ಲ. ಎಲ್ಲರೂ ಇಳೀಬೇಕು, ಎಲ್ಲರೂ ಹತ್ತಬೇಕು. ಸಮಾನತೆ ಅಂದ್ರೆ ಅದು.

ನಮ್ಮ ಹಕ್ಕೊತ್ತಾಯ ಇಷ್ಟು. ಕಾಪಿ ಮಾಡ್ಕೊಳ್ಳಿ, ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಿ, ಮನವಿಪತ್ರದಲ್ಲಿ ಹಾಕಿ.

1. ಸಾರಿಗೆ ಸಚಿವರು, ಸಾರಿಗೆ ಇಲಾಖೆ ಕಾರ್ಯದರ್ಶಿ, ನಾಲ್ಕೂ ಸಾರಿಗೆ ನಿಗಮಗಳ ಮತ್ತು ಮೆಟ್ರೋ ನಿಗಮದ ಉನ್ನತ ಅಧಿಕಾರಿಗಳು ಕಚೇರಿಗೆ ಬರಹೋಗೋದು ಪ್ರತಿದಿನ ತಾವೇ ನಡೆಸೋ ಬಸ್ಸಲ್ಲಿ, ರೈಲಲ್ಲಿ. ತಾನು ಮಾಡಿದ ಅಡುಗೆ ತಾನು ಉಣ್ಣಲಿ.

2. ಬೆಂಗಳೂರಲ್ಲಿರೋ ಉಳಿದ ಮಂತ್ರಿಗಳು, ಶಾಸಕರು, ಹಿರಿಯ ಅಧಿಕಾರಿಗಳು ವಾರಕ್ಕೆ ಕನಿಷ್ಠ ಎರಡು ದಿನ, ಜನ ಓಡಾಡೋ ಹೊತ್ತಲ್ಲೇ, ಟಿಕೆಟ್ ತಗೊಂಡು. ಮುಂಚಿತ ಪ್ರಕಟಣೆ ಇಲ್ಲ, ಕ್ಯಾಮೆರಾ ಇಲ್ಲ, ಸೀಟು ಬಿಡಿಸೋದು ಇಲ್ಲ. ಬೆಳಗಾವಿ ಅಧಿವೇಶನಕ್ಕೆ ರೈಲಲ್ಲಿ ಹೋಗಲಿ.

3. ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ ಸಿಇಒ, ತಹಶೀಲ್ದಾರರು ತಿಂಗಳಿಗೊಮ್ಮೆ ಒಂದು ಹಳ್ಳಿ ರೂಟಿನ ಮೊದಲ ಬಸ್ಸಲ್ಲಿ ಹೋಗಿ ಕೊನೆ ಬಸ್ಸಲ್ಲಿ ಬರಲಿ. ಕೇರಿ, ಕಾಲೋನಿ, ತಾಂಡಾ, ಹಾಡಿಯಿಂದ ಸ್ಟಾಪು ಎಷ್ಟು ದೂರ ಅಂತ ನಡೆದು ನೋಡಿ, ವರದಿಯನ್ನ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ.

4. ಪ್ರತಿಯೊಂದು ಸರ್ಕಾರಿ ಕಾರಿನ ಲಾಗ್ ಬುಕ್ ಪ್ರತಿ ತಿಂಗಳು ವೆಬ್‌ಸೈಟಿಗೆ ಬರಲಿ. ಮಾಹಿತಿ ಹಕ್ಕಿನ ಅರ್ಜಿ ಹಾಕೋವರೆಗೂ ಕಾಯಬೇಡಿ.

5. ನಿಗಮಗಳ ಮಂಡಳಿಗಳಲ್ಲಿ ದಿನಾ ಬಸ್ಸಲ್ಲಿ ಓಡಾಡೋ ಮಹಿಳೆಯರು, ಪೌರಕಾರ್ಮಿಕರು, ಪರಿಶಿಷ್ಟ ಜಾತಿ ಪಂಗಡದ ಪ್ರಯಾಣಿಕರು ಇರಲಿ. ಪಾಸ್ ಇಲ್ಲದೋರಿಗೆ ಮಂಡಳಿಯಲ್ಲೇನು ಕೆಲಸ?

6. ನಿಜವಾದ ಜೀವ ಬೆದರಿಕೆ, ಅನಾರೋಗ್ಯ, ಅಂಗವೈಕಲ್ಯ, ಗರ್ಭಿಣಿಯರು, ತುರ್ತು ಕರ್ತವ್ಯ, ಇವಕ್ಕೆ ವಿನಾಯಿತಿ. ವಿನಾಯಿತಿ ಪಡೆದವರ ಪಟ್ಟಿ, ಕಾರಣ ಸಮೇತ, ಜನರ ಮುಂದೆ.

ಇದರಲ್ಲಿ ಯಾವುದಕ್ಕೂ ಸಾವಿರ ಕೋಟಿ ಬೇಡ. ಸುರಂಗ ತೋಡಬೇಕಿಲ್ಲ. ಮೆಟ್ಟಿಲು ಇಳಿದ್ರೆ ಸಾಕು.

1949ರ ನವೆಂಬರಲ್ಲಿ ಸಂವಿಧಾನ ಸಭೆಯ ಕೊನೇ ಭಾಷಣದಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ರು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಓಟು, ಬದುಕಲ್ಲಿ ಮಾತ್ರ ಅಸಮಾನತೆ, ಈ ವಿರೋಧಾಭಾಸ ಹೀಗೇ ಮುಂದುವರಿದ್ರೆ ಪ್ರಜಾಪ್ರಭುತ್ವವೇ ಉಳಿಯಲ್ಲ ಅಂತ. ಐದು ವರ್ಷಕ್ಕೊಂದು ದಿನ ಮಂತ್ರಿಯೂ ನಾವೂ ಒಂದೇ ಕ್ಯೂನಲ್ಲಿ ನಿಲ್ತೀವಿ, ಮತಗಟ್ಟೆ ಮುಂದೆ. ಉಳಿದ ದಿನಗಳಲ್ಲೂ ಒಂದು ಕ್ಯೂ ಇರಲಿ ಅನ್ನೋದು ನನ್ನ ಬೇಡಿಕೆ. ಬಸ್ ಸ್ಟಾಪಿನ ಕ್ಯೂ.

ಈ ತಿಂಗಳು ಒಂದು ಕೆಲಸ ಮಾಡೋಣ. ನಿಮ್ಮ ಶಾಸಕರು ಸಿಕ್ಕಿದ ಕಡೆ, ಸಭೇಲೋ ಮದುವೇಲೋ, ಒಂದೇ ಒಂದು ಪ್ರಶ್ನೆ ಕೇಳಿ: "ಸಾರ್, ನಮ್ಮ ಊರಿಂದ ತಾಲ್ಲೂಕಿಗೆ ಬಸ್ ಚಾರ್ಜ್ ಎಷ್ಟು?" ಉತ್ತರ ಏನು ಬಂತು ಅಂತ ಕೆಳಗೆ ಬರೀರಿ. ಅವರ ಹೆಸರು, ಪಕ್ಷ, ಕ್ಷೇತ್ರ ಹಾಕಿ. ಜಾತಿ ಹಾಕಬೇಡಿ, ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೋರೆಲ್ಲ ಒಂದೇ ಜಾತಿ.

ಜೈ ಭೀಮ್. ಜೈ ಸಂವಿಧಾನ್.